ಬಾರ್ಕೂರಿನ ಲೂಲಾ, ಹೊನ್ನಾವರದ ತಿಮ್ಮೋಜ ಮತ್ತು ಕೊರಿಯಾದ ಕಡಲ್ಗಳ್ಳರು

1342ರ ಸುಮಾರಿಗೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಯ ಬಾರ್ಕೂರಿಗೆ ಬಂದ. ಅವನ ಬರಹದಲ್ಲಿ ಆ ಊರಿನ ಹೆಸರು ‘ಫಾಕನೂರ್’. ಅಲ್ಲಿನ ಅರಸ ಬಾಸದೇವ. ಅವನ ಬಳಿ ಸುಮಾರು ಮೂವತ್ತು ಯುದ್ಧದ ಹಡಗುಗಳು, ಅವುಗಳಿಗೆ ಲೂಲಾ ಎಂಬ ಮುಸಲ್ಮಾನ ದಳಪತಿ. ಈ ಲೂಲಾ ದುಷ್ಟ, ಕಡಲ್ಗಳ್ಳ, ವ್ಯಾಪಾರಿಗಳನ್ನು ದೋಚುವವನು ಎಂದು ಇಬ್ನ್ ಬತೂತ ಬರೆಯುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಈ ಕರಾವಳಿಯ ಊರುಗಳ ಮುಂದೆ ಹಾದುಹೋಗುವ ಹಡಗು ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು. ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ಕೊಡದೆ ಜಾರಿಕೊಂಡರೆ ಬೆನ್ನಟ್ಟಿ ಹಿಡಿದು, ಬಂದರಿಗೆ ಎಳೆತಂದು, ಎರಡರಷ್ಟು ಸುಂಕ ಕಟ್ಟಿಸಿಕೊಳ್ಳುತ್ತಾರೆ.

ಹಾಗಾದರೆ ಲೂಲಾ ಯಾರು? ಬಾಸದೇವನ ಲೆಕ್ಕದಲ್ಲಿ ಅವನು ಸುಂಕ ತಪ್ಪಿಸಿದವರನ್ನು ಹಿಡಿಯುವ ಅಧಿಕಾರಿ. ಸಿಕ್ಕಿಬಿದ್ದ ಹಡಗಿನ ವ್ಯಾಪಾರಿಯ ಲೆಕ್ಕದಲ್ಲಿ ಕಳ್ಳ. ಪುಸ್ತಕ ಬರೆದವನು ಹಡಗಿನಲ್ಲಿ ಬಂದವನಾದ್ದರಿಂದ ಕಳ್ಳ ಎಂಬ ಹೆಸರೇ ನಿಂತಿತು.

ಪೂರ್ವ ಏಷ್ಯಾದ ಇತಿಹಾಸಕಾರರು ಕೆಲವು ದಶಕಗಳಿಂದ ಬಿಸಿಬಿಸಿಯಾಗಿ ವಾದಿಸುತ್ತಿರುವುದು ಇಂಥದ್ದೇ ಪ್ರಶ್ನೆಯನ್ನು. ಹದಿನಾಲ್ಕನೆಯ ಶತಮಾನದಲ್ಲಿ ಕೊರಿಯಾದ ಕರಾವಳಿಯನ್ನು ಸೂರೆಮಾಡಿದ ‘ವಾಕೋ’ ಎಂಬ ಕಡಲ್ಗಳ್ಳರು ನಿಜಕ್ಕೂ ಯಾರು? ಜಪಾನಿಯರೇ, ಕೊರಿಯನ್ನರೇ, ಇಬ್ಬರೂ ಕಲೆತವರೇ? ಅವರನ್ನು ಕಳ್ಳರೆಂದು ಬರೆದಿಟ್ಟವರು ಯಾರು, ಯಾವ ಸಂದರ್ಭದಲ್ಲಿ ಬರೆದರು? ಸಾವಿರಾರು ಮೈಲಿ ಆಚೆಯ ಈ ಜಗಳ ಕನ್ನಡಿಗರಿಗೆ ತೀರ ಹತ್ತಿರದ್ದು. ಕರಾವಳಿಯವರಿಗಷ್ಟೇ ಅಲ್ಲ, ಕಡಲನ್ನೇ ಕಾಣದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದವರಿಗೂ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದ ಕಡೆ ಒಂದು ಕಲ್ಲುಗುಡ್ಡ, ಗುಡ್ಡದ ಮೇಲೊಂದು ಕೋಟೆ. ಮಧುಗಿರಿ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡ. ಇವನ್ನು ಆಳಿದ ಪಾಳೆಯಗಾರರ ಕಥೆ ಊರಿನ ಹಿರಿಯರ ಬಾಯಲ್ಲಿ ಒಂದು ಬಗೆ, ಸರ್ಕಾರಿ ದಾಖಲೆಗಳಲ್ಲಿ ಇನ್ನೊಂದು ಬಗೆ. ಊರಿನವರಿಗೆ ಅವರು ಕೆರೆ ಕಟ್ಟಿಸಿದವರು, ಗುಡಿ ಎತ್ತಿಸಿದವರು, ದಾರಿ ಕಾದವರು. ಕಂಪನಿ ಕಾಲದ ಇಂಗ್ಲಿಷ್ ಅಧಿಕಾರಿಗಳ ವರದಿಗಳಲ್ಲಿ ಅವರೇ ಪುಂಡರು, ಸುಲಿಗೆಕೋರರು. ಎರಡೂ ಪೂರಾ ಸುಳ್ಳಲ್ಲ. ದಾರಿ ಕಾಯುವವನಿಗೆ ಕಾವಲಿಯ ಹಣ ಸಲ್ಲಬೇಕು, ಅವನ ಸರಹದ್ದಿನಲ್ಲಿ ಕಳುವಾದರೆ ಮಾಲಿಗೆ ಅವನೇ ಹೊಣೆ ಎಂಬುದು ದಕ್ಷಿಣದ ಹಳೆಯ ಕಟ್ಟಳೆ. ಹಣ ನಿಂತರೆ ಕಾಯುತ್ತಿದ್ದ ಕೈಯೇ ಕೊಳ್ಳೆಗೆ ಇಳಿಯುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ದಿವಾನ್ ಪೂರ್ಣಯ್ಯ ಇಂಥ ಆಯುಧಧಾರಿ ಜನರನ್ನು ಕಂದಾಚಾರದ, ಅಂದರೆ ಕಾವಲು ಪಡೆಯ, ಕೆಲಸಕ್ಕೆ ಸೇರಿಸಿಕೊಂಡು ಸಂಬಳ ಕೊಟ್ಟದ್ದು ಈ ಗುಟ್ಟು ಬಲ್ಲವರಾಗಿದ್ದುದರಿಂದಲೇ.

ಯಾರು ನಾಯಕ, ಯಾರು ದಂಗೆಕೋರ, ಯಾರು ನವಾಬ ಎಂಬುದು ಎಷ್ಟು ಸುಲಭವಾಗಿ ಬದಲಾಗುತ್ತಿತ್ತು ಎನ್ನುವುದಕ್ಕೆ ಶಿರಾಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕೋಟೆ ಕಟ್ಟಲು ತೊಡಗಿದವನು ರತ್ನಗಿರಿಯ ರಂಗಪ್ಪ ನಾಯಕ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಊರನ್ನು ಹಿಡಿದ. 1687ರಲ್ಲಿ ಮೊಗಲರು ಅದನ್ನು ಒಂದು ಸುಬಾದ ರಾಜಧಾನಿ ಮಾಡಿದರು. ಆಮೇಲೆ ಮರಾಠರು ಬಂದರು. 1761ರಲ್ಲಿ ಹೈದರಾಬಾದಿನ ಮನೆತನದ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ಕೂತಿದ್ದಾಗ, ಹೈದರಾಲಿಯಿಂದ 3 ಲಕ್ಷ ರೂಪಾಯಿ ಪಡೆದು ‘ಶಿರಾದ ನವಾಬ’ ಎಂಬ ಪದವಿಯನ್ನು ಬರೆದುಕೊಟ್ಟ. ಆ ಹೊತ್ತಿಗೆ ಶಿರಾ ಕೊಟ್ಟವನ ಕೈಯಲ್ಲೂ ಇರಲಿಲ್ಲ, ಪಡೆದವನ ಕೈಯಲ್ಲೂ ಇರಲಿಲ್ಲ. ಆದರೂ ಆ ಕಾಗದ ಕೆಲಸ ಮಾಡಿತು. ಮೈಸೂರಿನ ಅಧಿಕಾರವನ್ನು ತನ್ನದಾಗಿಸಿಕೊಂಡ ಸೇನಾನಿ ಅಂದಿನಿಂದ ನವಾಬ ಹೈದರಾಲಿ ಖಾನ್ ಬಹಾದುರ್ ಆದ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಕೊರಿಯಾದ ಕಡೆ ಹೋದರೆ ಅಲ್ಲಿನ ಕಥೆ ಬೇಗ ತಿಳಿಯುತ್ತದೆ.

ಕೊರಿಯಾ ಮತ್ತು ಜಪಾನಿನ ನಡುವಿನ ಜಲಸಂಧಿಯಲ್ಲಿ ತ್ಸುಷಿಮಾ ಎಂಬ ದ್ವೀಪವಿದೆ. ಈಗಿನ ಬುಸಾನ್ ನಗರದಿಂದ ಬರೀ 50 ಕಿಲೋಮೀಟರ್. ಎಲ್ಲೆಲ್ಲೂ ಬೆಟ್ಟ, ಉಳುವುದಕ್ಕೆ ನೆಲವೇ ಇಲ್ಲ. ಹೊಟ್ಟೆಗೆ ಅಕ್ಕಿ ಬೇಕಾದರೆ ಕಡಲು ದಾಟಿ ತರಬೇಕು. ಕೊಂಡು ತರಬಹುದು, ಕಿತ್ತು ತರಬಹುದು. 1274 ಮತ್ತು 1281ರಲ್ಲಿ ಮಂಗೋಲರು ಕೊರಿಯಾದ ಹಡಗು, ಕೊರಿಯಾದ ಸೈನಿಕರನ್ನು ಕೂಡಿಸಿಕೊಂಡು ಜಪಾನಿನ ಮೇಲೆ ಬಿದ್ದಾಗ ಮೊದಲ ಏಟು ತಿಂದದ್ದೇ ಈ ದ್ವೀಪ. 1336ರಿಂದ 1392ರವರೆಗೆ ಜಪಾನಿನಲ್ಲಿ ಇಬ್ಬರು ಚಕ್ರವರ್ತಿಗಳು, ಎರಡು ಆಸ್ಥಾನಗಳು, ಮುಗಿಯದ ಅಂತರ್ಯುದ್ಧ. ಪಶ್ಚಿಮದ ದ್ವೀಪಗಳಲ್ಲಿ ಯಾರ ಮಾತನ್ನೂ ಯಾರೂ ಕೇಳದ ಕಾಲ ಅದು.

1350ರಿಂದ ಕೊರಿಯಾದ ಮೇಲೆ ದಾಳಿಗಳ ಸರಮಾಲೆ ಶುರುವಾಯಿತು. ಆಗ ಅಲ್ಲಿ ಕೊರ್ಯೊ ಮನೆತನದ ಆಳ್ವಿಕೆ. ತೆರಿಗೆಯ ಧಾನ್ಯ ರಾಜಧಾನಿಗೆ ಹಡಗಿನಲ್ಲಿ ಹೋಗುತ್ತಿತ್ತು. ದಾಳಿಕೋರರು ಆ ಹಡಗುಗಳನ್ನೇ ಹಿಡಿದರು. ಸರ್ಕಾರ ಧಾನ್ಯವನ್ನು ನೆಲದ ದಾರಿಯಲ್ಲಿ ಸಾಗಿಸಿದಾಗ ಒಳನಾಡಿನ ಉಗ್ರಾಣಗಳಿಗೆ ನುಗ್ಗಿದರು. ಅಕ್ಕಿಯ ಜೊತೆಗೆ ಮನುಷ್ಯರನ್ನೂ ಹೊತ್ತೊಯ್ದರು, ಮಾರಿದರು. ಕರಾವಳಿಯ ಊರುಗಳು ಹಾಳುಬಿದ್ದವು. 1377ರಲ್ಲಿ ವಿದ್ವಾಂಸ ಚೊಂಗ್ ಮೊಂಗ್‌ಜು ಜಪಾನಿನ ಕ್ಯೂಷು ದ್ವೀಪಕ್ಕೆ ರಾಯಭಾರಿಯಾಗಿ ಹೋಗಿ, ಅಲ್ಲಿನ ಅಧಿಕಾರಿ ಇಮಾಗಾವಾ ರ್‍ಯೋಷುನ್ ಜೊತೆ ಮಾತಾಡಿ, ನೂರಾರು ಸೆರೆಯಾಳುಗಳನ್ನು ಬಿಡಿಸಿಕೊಂಡು ಬಂದ. ಆ ನೂರಾರು ಜನರ ಹೆಸರು ಯಾರೂ ಬರೆದಿಡಲಿಲ್ಲ. ಅವರ ತವಕ, ಮರಳಿ ಬಂದ ಊರಲ್ಲಿ ಮನೆ ಇತ್ತೋ ಇಲ್ಲವೋ ಎಂಬ ಅಂಜಿಕೆ, ಯಾವ ದಾಖಲೆಯಲ್ಲೂ ಸಿಗದು. ಕಡಲ್ಗಳ್ಳರ ಚರಿತ್ರೆಯನ್ನು ಮರುಪರಿಶೀಲಿಸುವವರು ಮೊದಲು ನೆನೆಯಬೇಕಾದದ್ದು ಇವರನ್ನು.

1380ರಲ್ಲಿ ಚೊಯೆ ಮುಸೊನ್ ತಯಾರಿಸಿದ ಮದ್ದುಗುಂಡಿನ ಆಯುಧಗಳು ಜಿನ್ಪೊ ಎಂಬಲ್ಲಿ ದಾಳಿಕೋರರ ಹಡಗುಗಳನ್ನು ಸುಟ್ಟವು. ಅದೇ ವರ್ಷ ಅವರ ಭೂಪಡೆಯನ್ನು ಮುರಿದ ಸೇನಾನಿ ಯಿ ಸೊಂಗ್ಯೆ. ಆ ಗೆಲುವಿನಿಂದ ಬೆಳೆದ ಅವನ ಹೆಸರು 1392ರಲ್ಲಿ ಅವನನ್ನು ಸಿಂಹಾಸನಕ್ಕೆ ಏರಿಸಿತು. ಐದು ಶತಮಾನ ಆಳಿದ ಜೊಸೊನ್ ಮನೆತನ ಹುಟ್ಟಿದ್ದು ಹೀಗೆ.

ಹೊಸ ಸರ್ಕಾರ ಕತ್ತಿಯನ್ನೂ ತೋರಿಸಿತು, ಅಕ್ಕಿಯನ್ನೂ ತೋರಿಸಿತು. 1419ರಲ್ಲಿ 227 ಹಡಗು, ಸುಮಾರು 17,000 ಸೈನಿಕರೊಂದಿಗೆ ತ್ಸುಷಿಮಾದ ಮೇಲೆ ದಂಡೆತ್ತಿತು. 1426ರ ಹೊತ್ತಿಗೆ ಮೂರು ಬಂದರುಗಳನ್ನು ಜಪಾನಿ ವ್ಯಾಪಾರಿಗಳಿಗೆ ತೆರೆಯಿತು. 1443ರ ಒಪ್ಪಂದದಂತೆ ತ್ಸುಷಿಮಾದ ಸೋ ಮನೆತನ ವರ್ಷಕ್ಕೆ 50 ಹಡಗು ಕಳಿಸಬಹುದು, 200 ಸೊಕ್ (ಕೊರಿಯಾದ ಧಾನ್ಯದ ಅಳತೆ) ಧಾನ್ಯವನ್ನು ಕಾಣಿಕೆಯಾಗಿ ಪಡೆಯಬಹುದು. ಇವೆಲ್ಲಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಹಿಂದೆ ಸೂರೆಗೆ ಬಂದಿದ್ದ ಕೆಲವು ನಾಯಕರಿಗೆ ಕೊರಿಯಾದ ಅರಸರು ಪದವಿ, ಅಧಿಕಾರದ ಉಡುಪು, ವ್ಯಾಪಾರಕ್ಕೆ ಗುರುತಿನ ಮುದ್ರೆ ಕೊಟ್ಟರು. ನಿನ್ನೆ ಉಗ್ರಾಣಕ್ಕೆ ಬೆಂಕಿ ಇಟ್ಟವನು ಇಂದು ಅರಸನ ಮುಂದೆ ಬಾಗಿ ನಿಂತ ಅಧಿಕಾರಿ. ಕಾಗದ ಬಂದ ಮೇಲೆ ಹೈದರಾಲಿ ನವಾಬನಾದಂತೆ, ಮುದ್ರೆ ಬಂದ ಮೇಲೆ ಕಡಲ್ಗಳ್ಳ ವ್ಯಾಪಾರಿಯಾದ.

ಇನ್ನು ಇತಿಹಾಸಕಾರರ ಜಗಳಕ್ಕೆ ಬರೋಣ. ‘ವಾಕೋ’ ಎಂಬ ಪದವೇ ಎದುರಾಳಿಗಳು ಇಟ್ಟದ್ದು. ‘ವಾ’ ಎಂದರೆ ಚೀನೀಯರೂ ಕೊರಿಯನ್ನರೂ ಜಪಾನಿಗೆ ಬಳಸುತ್ತಿದ್ದ ಹಳೆಯ ಹೆಸರು, ‘ಕೋ’ ಎಂದರೆ ಮೇಲೆ ಬಿದ್ದು ದೋಚುವುದು. ಜಪಾನ್ ಸಾಮ್ರಾಜ್ಯ ಕಟ್ಟುತ್ತಿದ್ದ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ಕೆಲವರಿಗೆ ಈ ದಾಳಿಕೋರರು ಕಡಲಾಚೆ ಹೆಜ್ಜೆ ಇಟ್ಟ ಧೀರರಾಗಿ ಕಂಡರು. ಜಪಾನಿನ ಕೈಕೆಳಗೆ ನರಳಿದ ಕೊರಿಯನ್ನರಿಗೆ ಅವರು ಹಳೆಯ ಶತ್ರುವಿನ ಹಳೆಯ ಮುಖ. ಎರಡು ಕಡೆಯೂ ಒಂದು ವಿಷಯದಲ್ಲಿ ಅನುಮಾನ ಇರಲಿಲ್ಲ: ಬಂದವರು ಜಪಾನಿಯರು.

1987ರಲ್ಲಿ ಜಪಾನಿನ ಹಿರಿಯ ವಿದ್ವಾಂಸ ತನಾಕಾ ತಕೆಯೊ ಈ ನಂಬಿಕೆಯನ್ನೇ ಅಲುಗಾಡಿಸಿದರು. ದಾಳಿಗಳಲ್ಲಿ ಕೆಲವೊಮ್ಮೆ ಭಾರಿ ಸಂಖ್ಯೆಯ ಹಡಗುಗಳು, ನೂರಾರು ಕುದುರೆಗಳು ಇದ್ದವೆಂದು ದಾಖಲೆ ಹೇಳುತ್ತದೆ. ಇಷ್ಟನ್ನೆಲ್ಲ ಬಡ ದ್ವೀಪಗಳಿಂದ ಕಡಲು ದಾಟಿಸಿ ತರಲು ಸಾಧ್ಯವೇ? ಹಾಗಾಗಿ ಸಮಾಜದ ಅಂಚಿಗೆ ತಳ್ಳಿದ್ದ ಕೊರಿಯಾದ ಕೆಳವರ್ಗದ ಜನರೂ, ಬುಟ್ಟಿ ಹೆಣೆಯುವವರು, ಕಟುಕರು, ಆಟದವರು, ಇದರಲ್ಲಿ ಸೇರಿದ್ದರು ಎಂದರು. ಅವರಿಗೆ ಸಿಕ್ಕ ದೊಡ್ಡ ಆಧಾರ 1446ರ ಒಂದು ಮನವಿ. ಯಿ ಸುನ್‌ಮೊಂಗ್ ಎಂಬ ಅಧಿಕಾರಿ ಅರಸ ಸೇಜೊಂಗನಿಗೆ ಬರೆದದ್ದು. ಹಿಂದಿನ ಮನೆತನದ ಕೊನೆಗಾಲದ ದಾಳಿಗಳಲ್ಲಿ ನಿಜವಾದ ಜಪಾನಿಯರು ಹತ್ತರಲ್ಲಿ ಒಬ್ಬಿಬ್ಬರು, ಉಳಿದವರು ಜಪಾನಿ ಉಡುಗೆ ತೊಟ್ಟ ನಮ್ಮವರೇ ಎಂದು ತಾನು ಕೇಳಿದ್ದಾಗಿ ಅವನು ಹೇಳುತ್ತಾನೆ. 1993ರಲ್ಲಿ ಮುರಾಯಿ ಷೋಸುಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿನ ಕಡಲಿಗರನ್ನು ಜಪಾನಿ, ಕೊರಿಯನ್ ಎಂದು ಹೋಳು ಮಾಡುವುದೇ ತಪ್ಪು, ಅವರು ಗಡಿಯಲ್ಲೇ ಬಾಳಿದ, ಎರಡು ಕಡೆಗೂ ಸೇರಿದ ಜನ ಎಂದರು.

ಕೊರಿಯಾದ ವಿದ್ವಾಂಸರು ಸುಮ್ಮನಿರಲಿಲ್ಲ. ಯಿ ಯೊಂಗ್ ಮುಂತಾದವರ ಪ್ರಶ್ನೆ ನೇರವಾಗಿತ್ತು. ಯಿ ಸುನ್‌ಮೊಂಗ್ ಇದನ್ನು ಬರೆದದ್ದು ಘಟನೆಗಳಾಗಿ ಅರ್ಧ ಶತಮಾನ ಕಳೆದ ಮೇಲೆ. ಅದೂ ಪ್ರಜೆಗಳೆಲ್ಲ ಗುರುತಿನ ಬಿಲ್ಲೆ ಧರಿಸಬೇಕೆಂಬ ಕಾನೂನು ಬೇಕು ಎಂದು ವಾದಿಸುವಾಗ. ಗುರುತಿಲ್ಲದ ಜನ ಎಂಥ ಅನಾಹುತ ಮಾಡುತ್ತಾರೆ ಎಂದು ಅರಸನನ್ನು ಹೆದರಿಸಲು ಅವನಿಗೆ ಒಂದು ಉದಾಹರಣೆ ಬೇಕಿತ್ತು. ಅವನೂ ಯಾರಿಂದಲೋ ಕೇಳಿದ ಮಾತನ್ನು ಹಿಡಿದು ಇಡೀ ಶತಮಾನದ ಹೊಣೆಯನ್ನು ದೋಚಿಸಿಕೊಂಡವರ ತಲೆಗೇ ಕಟ್ಟಬಹುದೇ? ದೊಡ್ಡ ದಾಳಿಗಳ ಹಿಂದೆ ಇದ್ದವರು ಜಪಾನಿನ ಅಂತರ್ಯುದ್ಧದಲ್ಲಿ ಅಕ್ಕಿಗಾಗಿ ಪರದಾಡುತ್ತಿದ್ದ ತರಬೇತಾದ ಯೋಧರು ಎಂಬುದು ಯಿ ಯೊಂಗ್ ಅವರ ವಾದ.

ಈ ವಾದದಲ್ಲಿ ಕೊರಿಯಾದ ವಿದ್ವಾಂಸರ ಪ್ರಶ್ನೆಗೇ ಹೆಚ್ಚು ತೂಕ ಇದೆ. ‘ಗಡಿಯ ಜನ’ ಎಂಬ ಕಲ್ಪನೆ ಚೆಲುವಾಗಿದೆ, ಹದಿನಾರನೆಯ ಶತಮಾನದ ವಾಕೋಗಳ ಮಟ್ಟಿಗೆ ನಿಜವೂ ಹೌದು. ಆ ಕಾಲದ ಹೆಸರಾಂತ ನಾಯಕ ವಾಂಗ್ ಝಿ ಜಪಾನಿನ ದ್ವೀಪಗಳಲ್ಲಿ ಬೀಡುಬಿಟ್ಟ ಚೀನೀ ವ್ಯಾಪಾರಿ. ಚೀನಾ ಸರ್ಕಾರ ಕಡಲ ವ್ಯಾಪಾರವನ್ನೇ ನಿಷೇಧಿಸಿದ್ದರಿಂದ ವ್ಯಾಪಾರಿಗಳೇ ಕಳ್ಳರಾಗಿದ್ದರು, 1567ರಲ್ಲಿ ನಿಷೇಧ ಸಡಿಲಿಸಿದ ಮೇಲೆ ಹಾವಳಿ ತಗ್ಗಿತು. ಆದರೆ ಆ ಚಿತ್ರವನ್ನು ಇನ್ನೂರು ವರ್ಷ ಹಿಂದಕ್ಕೆ ಒಯ್ದು 1370ರ ದಶಕದ ಮೇಲೆ ಅಂಟಿಸಿದರೆ, ಹೊತ್ತೊಯ್ಯಲ್ಪಟ್ಟವರ ಅಳಲು ತೆಳುವಾಗುತ್ತದೆ.

ಈಗ ಹೊನ್ನಾವರ. ಕನ್ನಡ ಕರಾವಳಿಯ ಅತ್ಯಂತ ಹೆಸರಾಂತ ‘ಕಡಲ್ಗಳ್ಳ’ ಇಲ್ಲಿಯವನು. ಪೋರ್ಚುಗೀಸರು ಅವನನ್ನು ‘ಟಿಮೋಜಾ’ ಎಂದರು. ನಮ್ಮಲ್ಲಿ ತಿಮ್ಮೋಜ ಎಂದೂ ತಿಮ್ಮಯ್ಯ ಎಂದೂ ಬರೆಯುವ ರೂಢಿ. 1498ರಲ್ಲಿ ವಾಸ್ಕೊ ಡ ಗಾಮ ಮರಳುವ ದಾರಿಯಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ ಒಂದಷ್ಟು ಹಡಗುಗಳು ಅವನ ಕಡೆ ಬಂದವು. ಅದು ತಿಮ್ಮೋಜನ ಪಡೆ ಎಂದು ಮುಂದೆ ಬರೆದ ಪೋರ್ಚುಗೀಸ್ ಚರಿತ್ರೆಕಾರರು ಹೇಳಿದರು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರಕ್ಕೆ ನುಗ್ಗಿ ಹಡಗುಗಳಿಗೆ ಬೆಂಕಿ ಇಟ್ಟ. ತಿಮ್ಮೋಜ ಬಂದು ಸಂಧಿ ಮಾಡಿಕೊಂಡ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆ ಹೊರಟಿದ್ದಾಗ ಇದೇ ತಿಮ್ಮೋಜ ಅವನನ್ನು ಕಂಡು, ಗೋವೆಯನ್ನು ಹಿಡಿಯಲು ಇದೇ ತಕ್ಕ ಹೊತ್ತು ಎಂದ. ಅಲ್ಬುಕರ್ಕ್ ಗೋವೆಯನ್ನು ಗೆದ್ದು, ಕಳೆದುಕೊಂಡು, ಮಳೆಗಾಲವನ್ನು ಮಾಂಡೋವಿ ನದಿಯ ಹಡಗುಗಳಲ್ಲೇ ಕಳೆದು, ಆ ವರ್ಷದ ನವೆಂಬರ್ 25ರಂದು ಮತ್ತೆ ಗೆದ್ದ. ಹನ್ನೆರಡೇ ವರ್ಷಗಳಲ್ಲಿ, ಪೋರ್ಚುಗೀಸರ ಬರಹದಲ್ಲಿ ‘ಕಳ್ಳ’ ತಿಮ್ಮೋಜ ಗೆಳೆಯನಾದ, ಗೋವೆಯ ಹಿಂದೂಗಳ ಮೇಲಿನ ಅಧಿಕಾರಿಯಾದ, ಕಂದಾಯ ವಸೂಲಿಯ ಗುತ್ತಿಗೆದಾರನಾದ.

ಅದೇ 1510ರಲ್ಲಿ ಕೊರಿಯಾದ ಬಂದರುಗಳಲ್ಲಿದ್ದ ಜಪಾನಿಯರು ತ್ಸುಷಿಮಾದ ನೆರವಿನಿಂದ ದಂಗೆ ಎದ್ದು, ಬುಸಾನಿನ ಸೇನಾಧಿಕಾರಿಯನ್ನು ಕೊಂದರು. ಸೋತರು. 1512ರ ಹೊಸ ಒಪ್ಪಂದದಲ್ಲಿ 50 ಹಡಗು 25ಕ್ಕೆ, 200 ಸೊಕ್ ಧಾನ್ಯ 100ಕ್ಕೆ ಇಳಿಯಿತು. ಒಂದು ಕಡಲಲ್ಲಿ ಕಳ್ಳನೆನಿಸಿದವನು ಅಧಿಕಾರಿಯಾದ ವರ್ಷವೇ ಇನ್ನೊಂದರಲ್ಲಿ ವ್ಯಾಪಾರಿಗಳೆನಿಸಿದವರು ಮತ್ತೆ ಕಳ್ಳರಾದರು.

ತಿಮ್ಮೋಜನ ‘ಕಳ್ಳತನ’ದ ಗುಟ್ಟು ಕುದುರೆಗಳಲ್ಲಿದೆ. ಅರಬ್ಬೀ ನಾಡಿನಿಂದ ಬರುವ ಕುದುರೆಗಳಿಗೆ ವಿಜಯನಗರವೂ ಬಿಜಾಪುರವೂ ಬಾಯಿಬಿಟ್ಟು ಕೂತಿದ್ದವು. ಗೋವೆಯಲ್ಲಿ ಇಳಿದ ಕುದುರೆ ಬಿಜಾಪುರದ ಆದಿಲ್‌ಶಾಹಿಗೆ, ಭಟ್ಕಳ ಹೊನ್ನಾವರಗಳಲ್ಲಿ ಇಳಿದ ಕುದುರೆ ವಿಜಯನಗರಕ್ಕೆ. ಗೋವೆಯತ್ತ ಹೊರಟ ಹಡಗನ್ನು ಅಡ್ಡಗಟ್ಟಿ ಈ ಕಡೆ ತಿರುಗಿಸುವುದು ತಿಮ್ಮೋಜನ ಕೆಲಸ. ಹಂಪೆಯಲ್ಲಿ ಕೂತವನಿಗೆ ಇದು ಸೇವೆ, ಗೋವೆಯ ವ್ಯಾಪಾರಿಗೆ ದರೋಡೆ. ಪೋರ್ಚುಗೀಸರೇ ಮುಂದೆ ಮಾಡಿದ್ದೂ ಇದನ್ನೇ. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗನ್ನು ಹಿಡಿದು ಮಾಲು ಕಿತ್ತರು. 1502ರಲ್ಲಿ ಗಾಮ ಭಟ್ಕಳದ ಮೇಲೆ ಬಿದ್ದು ಅಕ್ಕಿಯ ಕಪ್ಪ ಹೇರಿದ. ಅದೇ ವರ್ಷ ಹಜ್ ಯಾತ್ರಿಕರು ತುಂಬಿದ್ದ ಒಂದು ಹಡಗನ್ನು ಸುಟ್ಟ. ಅವನನ್ನು ಶಾಲೆಯ ಪಾಠಗಳಲ್ಲಿ ಯಾರೂ ಕಡಲ್ಗಳ್ಳ ಎಂದು ಕರೆಯುವುದಿಲ್ಲ. ಜಪಾನಿನ ಒಳಗಡಲಿನ ಮುರಕಾಮಿ ಮನೆತನವೂ ಹಾದುಹೋಗುವ ಹಡಗುಗಳಿಂದ ಹಣ ಪಡೆದು, ರಕ್ಷಣೆಯ ಗುರುತಾಗಿ ಬಾವುಟ ಕೊಡುತ್ತಿತ್ತು. ಬಾರ್ಕೂರಿನ ‘ಬಂದರಿನ ಹಕ್ಕು’, ಮುರಕಾಮಿಗಳ ಬಾವುಟ, ಪೋರ್ಚುಗೀಸರ ಚೀಟಿ, ಪಾಳೆಯಗಾರರ ಕಾವಲಿ ಒಂದೇ ಬೇರಿನ ಕವಲುಗಳು.

ಹಿಂದೂ ಮಹಾಸಾಗರದ ಮಟ್ಟಿಗೆ ‘ಕಳ್ಳ’ ಎಂಬ ಹೆಸರನ್ನೇ ಪ್ರಶ್ನಿಸುವ ಬರಹಗಳು ಇತ್ತೀಚೆಗೆ ಹೆಚ್ಚಿವೆ. 1907ರಲ್ಲಿ ಬಿಡಲ್ಫ್ ಎಂಬ ಇಂಗ್ಲಿಷ್ ಅಧಿಕಾರಿ ಮಲಬಾರಿನ ಕಡಲ್ಗಳ್ಳರ ಮೇಲೆ ಪುಸ್ತಕ ಬರೆದಾಗ ಮರಾಠರ ನೌಕಾಪತಿ ಕಾನ್ಹೋಜಿ ಆಂಗ್ರೆ ಅದರಲ್ಲಿ ಕಳ್ಳರ ಸಾಲಿನಲ್ಲಿದ್ದ. ಆದರೆ 2011ರಲ್ಲಿ ಇತಿಹಾಸಕಾರ ಸೆಬಾಸ್ಟಿಯನ್ ಪ್ರಾಂಜ್ ಹನ್ನೆರಡರಿಂದ ಹದಿನಾರನೆಯ ಶತಮಾನದ ಕಡಲ್ಗಳ್ಳತನವನ್ನು ವ್ಯಾಪಾರ, ರಾಜ್ಯ, ಸಮುದಾಯಗಳ ಒಳಗಿಟ್ಟು ನೋಡಿದರು. ಒಳನಾಡಿನಲ್ಲಿ ಇಂಥದ್ದನ್ನು ಕನ್ನಡದ ವಿದ್ವಾಂಸರು ಬಹಳ ಹಿಂದೆಯೇ ಮಾಡಿದ್ದಾರೆ. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಎಂ. ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರು ಸ್ಥಳೀಯ ಆಧಾರಗಳಿಂದಲೇ ಕಟ್ಟಿಕೊಟ್ಟರು.

ಹಾಗೆಂದು ಕಳ್ಳರನ್ನೆಲ್ಲ ವೀರರನ್ನಾಗಿ ಮಾಡುವ ಆತುರ ಬೇಡ. ಇಬ್ನ್ ಬತೂತನೇ ಇದೇ ಕರಾವಳಿಯಲ್ಲಿ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಒಂದು ಪುಟ್ಟ ದ್ವೀಪದ ಹತ್ತಿರ, ಹನ್ನೆರಡು ಹಡಗುಗಳ ಪಡೆಗೆ ಸಿಕ್ಕಿಬಿದ್ದ. ಸಿಂಹಳದ ಅರಸ ಕೊಟ್ಟಿದ್ದ ರತ್ನ, ಬಟ್ಟೆಬರೆ, ಬುತ್ತಿ ಎಲ್ಲವನ್ನೂ ಕಿತ್ತುಕೊಂಡರು. ಮೈಮೇಲೆ ಉಳಿದದ್ದು ಇಜಾರ ಒಂದೇ. ಅವನಿಗಾದರೂ ಬರೆಯಲು ಬರುತ್ತಿತ್ತು. ನಮ್ಮ ಒಳನಾಡಿನಲ್ಲಿ ದೋಚಿಸಿಕೊಂಡವರ ಪರವಾಗಿ ಮಾತಾಡುವುದು ಕಲ್ಲು. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವರಿಗೆ ಊರವರು ನಿಲ್ಲಿಸಿದ ತುರುಗೊಳ್ ವೀರಗಲ್ಲುಗಳು ಕನ್ನಡ ನಾಡಿನ ತುಂಬ ಇವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲೇ ಅಚ್ಚು ಹಾಕಿಸಿದರು. ಶಿರಾ, ಪಾವಗಡ, ಮಧುಗಿರಿಯ ಕಲ್ಲುಬರಹಗಳು ಅದರಲ್ಲಿವೆ. ಕೊಳ್ಳೆಯ ಚರಿತ್ರೆಯನ್ನು ಎರಡೂ ಕಡೆಯಿಂದ ಬರೆಯಬೇಕೆಂದರೆ ಪಾಳೆಯಗಾರರ ಬಖೈರುಗಳ ಪಕ್ಕದಲ್ಲೇ ಈ ಕಲ್ಲುಗಳನ್ನೂ ಇಟ್ಟುಕೊಂಡು ಓದಬೇಕು.

ಕೊರಿಯಾದವರಿಗೆ ಒಂದು ಅನುಕೂಲವಿದೆ. ಜೊಸೊನ್ ಅರಸರ ದಿನಚರಿಯಂಥ ರಾಜವೃತ್ತಾಂತ ಇಡಿಯಾಗಿ ಅಂತರ್ಜಾಲದಲ್ಲಿದೆ, 1446ರ ಯಿ ಸುನ್‌ಮೊಂಗ್‌ನ ಮನವಿಯನ್ನು ಇಂದು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆಯಬಹುದು. ಆದರೆ ತಿಮ್ಮೋಜನ ಬಗೆಗಿನ ಮುಖ್ಯ ಬರಹಗಳೆಲ್ಲ ಪೋರ್ಚುಗೀಸ್ ಭಾಷೆಯಲ್ಲಿವೆ, ಅವನನ್ನು ಮೊದಲು ಹಳಿದು ಆಮೇಲೆ ಹೊಗಳಿದವರೇ ಬರೆದಂಥವು. ಅವನ ಹೆಸರಿನ ನಿಜವಾದ ರೂಪವೂ ಇತ್ಯರ್ಥವಾಗಿಲ್ಲ. ಶಾಸನಗಳಲ್ಲಿ ‘ಓಜ’ ಎಂದು ಕೊನೆಯಾಗುವ ಹೆಸರುಗಳು ಸಾಮಾನ್ಯವಾಗಿ ಶಿಲ್ಪಿಗಳವು, ಲೋಹದ ಕೆಲಸದವರವು. ಹೊನ್ನಾವರದ ನಾವಿಕನ ಹೆಸರಿನಲ್ಲಿ ಅದು ನಿಜಕ್ಕೂ ಇತ್ತೇ, ‘ತಿಮ್ಮಯ್ಯ’ ಎಂಬುದು ಲಿಸ್ಬನ್ನಿನ ಬರಹಗಾರನ ಕಿವಿಗೆ ಹಾಗೆ ಕೇಳಿಸಿತೇ? ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳದ ಅದೇ ಕಾಲದ ಶಾಸನಗಳಲ್ಲಿ ಬರುವ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಹೋಲಿಸುವವರು ಬೇಕಾಗಿದ್ದಾರೆ.